ಹೆಬ್ಬೆರಳಿನ ವಿಚಾರಣೆ

ಸಾಂತಾ ಬ್ರಿಹಿದಾ ಸಕ್ಕರೆ ಕಾರ್ಖಾನೆ
ಜುಲೈ 5, 1976

ಕೊನ್ಸ್ತಾನ್ಸಾ ಬೆಟ್ಟದ ಬೆಳ್ಳುಳ್ಳಿ ಸಾಮ್ರಾಜ್ಯದ ಏಕೈಕ ಒಡೆಯರಾದ ಕಾಲಿಸ್ತೊ ಮಾವನವರ ಸನ್ನಿಧಾನಕ್ಕೆ,

ಆಶೀರ್ವಾದ ಬೇಡುತ್ತೇನೆ, ಮಾವ.

ವಿಷಯ: ತಮ್ಮ ಇಪ್ಪತ್ತಮೂರು ಪಂದ್ಯಗಳ ಅಮರ ಬೇಸ್‌ಬಾಲ್ ಜೀವನದ ವಿಚಾರಣೆ.
ಉಲ್ಲೇಖ: ಅಜ್ಜಿಯ ಪೆಟ್ಟಿಗೆ.

ಈ ಮೂಲಕ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಅವಳ ಮದುವೆಯ ಬಟ್ಟೆಗಿಂತಲೂ ಕೆಳಗೆ, ತಮ್ಮ ಹಳೆಯ ಕ್ಯಾಚರ್ ಗವಸು ಸಿಕ್ಕಿದೆ. ಜೊತೆಗೆ ಒಂದು ಪತ್ರಿಕೆಯ ತುಂಡು: 'ಕಾರ್ತಹೇನಾ ತಂಡದ ಹೊಸ ಕ್ಯಾಚರ್ ಕಾಲಿಸ್ತೊ ಮನ್ಸುಯೆತಾ, ವಯಸ್ಸು ಇಪ್ಪತ್ತೆರಡು, ಮೈದಾನದಲ್ಲೇ ಅತ್ಯಂತ ಉದ್ದ ನಾಲಿಗೆಯವನು.' ಮಾವ, ನಾನು ಮೂರು ಸಲ ಓದಿದೆ. ನೀವಾ? ಅಕ್ಕನ ಮದುವೆಗೆ ಬಂದು ಎರಡು ದಿನದಲ್ಲಿ ಒಟ್ಟು ಒಂಬತ್ತು ಮಾತಾಡಿದವರು ನೀವು. ಅದರಲ್ಲಿ ನಾಲ್ಕು 'ಉಪ್ಪು ಕೊಡಿ'.

ಅಜ್ಜಿಯನ್ನು ಕೇಳಿದೆ. "ನಿನ್ನ ಬಾಯಿ ಯಾರದ್ದು ಅಂದ್ಕೊಂಡೆ? ಅವನದ್ದೇ. ಗವಸು ಇದ್ದಲ್ಲೇ ಇಡು" ಎಂದು ಬೆನ್ನಿಗೊಂದು ಬಿಟ್ಟಳು.

ಆದ್ದರಿಂದ ಒಂದು ಆಯೋಗ ರಚನೆಯಾಗಿದೆ. ಅಧ್ಯಕ್ಷ, ಕಾರ್ಯದರ್ಶಿ ಮತ್ತು ಸದಸ್ಯ: ನಾನೇ. ಆಯೋಗದ ಪ್ರಶ್ನೆಗಳು ಎರಡು. ಇಪ್ಪತ್ತಮೂರಕ್ಕೇ ಯಾಕೆ ನಿಲ್ಲಿಸಿದಿರಿ? ಬಲಗೈ ಹೆಬ್ಬೆರಳು ಎಲ್ಲಿ ಹೋಯಿತು? ನಮಗೆ ಚಿಕ್ಕಂದಿನಲ್ಲಿ ಶಾರ್ಕ್ ತಿಂದಿತು ಎಂದಿರಿ. ಅಕ್ಕನಿಗೆ ಹಳೆಯ ಪ್ರೇಯಸಿ ಕಚ್ಚಿದಳು ಎಂದಿರಿ. ಫೋಟೊಗಳಲ್ಲೆಲ್ಲ ಆ ಕೈ ಜೇಬಿನಲ್ಲೇ ಇದೆ. ಸತ್ಯವನ್ನೇ ನುಡಿಯಬೇಕಾಗಿ ಕೋರಲಾಗಿದೆ.

ಈ ಪತ್ರವನ್ನು ಬಸ್ ಚಾಲಕ ಚೀಚೊ ಕೈಗೆ ಕೊಟ್ಟಿದ್ದೇನೆ. ರಾಜಧಾನಿಯಲ್ಲಿ ಬೆಟ್ಟದ ಬಸ್ಸಿಗೆ ದಾಟಿಸುತ್ತಾನೆ. ನಾನು ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಕಲಿಯುತ್ತಿದ್ದೇನೆ. ಕಬ್ಬು ಕಡಿತ ಮುಗಿದು ಊರು ಸತ್ತ ಹಾಗಿದೆ. ಬೇರೆ ವಿಶೇಷ ಏನಿಲ್ಲ.

ತಮ್ಮ ವಿಧೇಯ ಸೋದರಳಿಯ,
ದಾಮಾಸೊ


ಕೊನ್ಸ್ತಾನ್ಸಾ
ಜುಲೈ 19, 1976

ಅಳಿಯಾ,

ದೇವರು ನಿನಗೆ ಒಳ್ಳೆಯದು ಮಾಡಲಿ.

ಗವಸನ್ನು ಅಜ್ಜಿ ಹೇಳಿದ ಹಾಗೆ ಇದ್ದಲ್ಲೇ ಇಡು.

ಕೇಳಿದ್ದೀಯ, ಹೇಳುತ್ತೇನೆ. 1953ರ ಕೊನೆಗೆ ಕೊಲಂಬಿಯಾದ ಕಾರ್ತಹೇನಾಕ್ಕೆ ಹೋದೆ. ವಿಧವೆಯೊಬ್ಬಳ ಮನೆಯಲ್ಲಿ ಆರು ಜನ ಆಟಗಾರರು ಇದ್ದೆವು. ಬೆಳಿಗ್ಗೆ ಮೊಟ್ಟೆ ತುಂಬಿ ಕರಿದ ಮೆಕ್ಕೆಜೋಳದ ರೊಟ್ಟಿ ಕೊಡುತ್ತಿದ್ದಳು. ಅಂಥದ್ದು ಮತ್ತೆ ತಿಂದಿಲ್ಲ. ಸಮುದ್ರದ ಗಾಳಿಗೆ ಚೆಂಡು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಿತ್ತು. ದಾಂಡಿಗನ ಹಿಂದೆ ಮಂಡಿಯೂರಿ ಕೂತರೆ ಬೂದಿಯಂಥ ಮಣ್ಣು ಬಾಯಿಗೆ ಬರುತ್ತಿತ್ತು. ಉಳಿದ ಎಂಟು ಜನ ಒಂದು ಕಡೆ ಮುಖ ಮಾಡಿದರೆ ಕ್ಯಾಚರ್ ಒಬ್ಬನೇ ಅವರ ಕಡೆ ಮುಖ ಮಾಡಿರುತ್ತಾನೆ. ಎಲ್ಲ ಅವನಿಗೆ ಕಾಣುತ್ತದೆ. ನೋಡಲಿಲ್ಲ ಅನ್ನಲು ಅವನಿಗೆ ದಾರಿಯಿಲ್ಲ.

ಮಂಡಿ ನೋವು ಬಂತು, ಬಿಟ್ಟೆ. ಬೆರಳು ಕಬ್ಬಿನ ಕತ್ತಿಗೆ ಹೋಯಿತು. ಅಷ್ಟೇ.

ಈಗ ನನ್ನದೊಂದು ಪ್ರಶ್ನೆ. ನಿನ್ನ ಕಾಗದದ ಮೂಲೆಯಲ್ಲಿ ಕೆಂಪು ಉಗುರುಬಣ್ಣ ಮೆತ್ತಿದೆ. ಯಾರದು?

ಕಾಲಿಸ್ತೊ


ತಂತಿ
ಜುಲೈ 29, 1976

ಕಾಲಿಸ್ತೊ ಮನ್ಸುಯೆತಾ, ಕೊನ್ಸ್ತಾನ್ಸಾ. ಮಾಜಿ ಕ್ಯಾಚರುಗಳ ಗೌರವ ಸಮಿತಿಯ ನಿಯೋಗ ಭಾನುವಾರ ಬೆಳಿಗ್ಗೆ ಬರಲಿದೆ. ಸೂಟು ಧರಿಸಿ ಬಸ್ ನಿಲ್ದಾಣದಲ್ಲಿ ಸಿದ್ಧರಿರಿ. ಪದಕ ಭಾರವಾಗಿದೆ.


ಕೊನ್ಸ್ತಾನ್ಸಾ
ಆಗಸ್ಟ್ 2, 1976

ದಾಮಾಸೊ,

ನಿನ್ನೆ ಸೂಟು ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಾಲ್ಕು ಗಂಟೆ ನಿಂತೆ. ಮೂರು ಬಸ್ಸು ಬಂದವು. ಇಳಿದದ್ದು ಒಬ್ಬ ಪಾದ್ರಿ, ಕೋಸಿನ ವ್ಯಾಪಾರಿಗಳು, ಎರಡು ಹಂದಿಮರಿ. ಪಾದ್ರಿಯ ಕೈಯಲ್ಲಿದ್ದ ಡಬ್ಬಿಯನ್ನು ಪದಕ ಎಂದುಕೊಂಡು ಮುಂದೆ ಹೋಗಿ ಕೈ ಕೊಟ್ಟೆ. ಎಡಗೈ. ಅದರಲ್ಲಿ ಅವನ ಹಲ್ಲಿನ ಸೆಟ್ಟು ಇತ್ತು. ಇಡೀ ಊರು ನೋಡಿತು.

ಆಶೀರ್ವಾದವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಇದಕ್ಕೆ ತಕ್ಕದ್ದು ನನ್ನಿಂದಲೂ ಬರುತ್ತದೆ, ಕಾಯುತ್ತಿರು.

ಉಗುರುಬಣ್ಣದ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕಾಲಿಸ್ತೊ


ಸಾಂತಾ ಬ್ರಿಹಿದಾ
ಆಗಸ್ಟ್ 15, 1976, ಭಾನುವಾರ

ಸೂಟುಧಾರಿ ಮಾವನವರಿಗೆ,

ಆಶೀರ್ವಾದ, ಮಾವ. ತಡೆಹಿಡಿದಿದ್ದರೂ ಕೇಳುವುದು ನನ್ನ ಕರ್ತವ್ಯ.

ಹಲ್ಲಿನ ಸೆಟ್ಟಿನ ಭಾಗವನ್ನು ವರ್ಕ್‌ಶಾಪಿನಲ್ಲಿ ಗಟ್ಟಿಯಾಗಿ ಓದಿದೆ. ಫೋರ್‌ಮನ್ ನೆಲಕ್ಕೆ ಕೂತುಬಿಟ್ಟ. ಆಯೋಗ ವಿಷಾದ ವ್ಯಕ್ತಪಡಿಸುತ್ತದೆ, ಆದರೆ ಪಶ್ಚಾತ್ತಾಪ ಪಡುವುದಿಲ್ಲ.

ಈಗ ತಪ್ಪೊಪ್ಪಿಗೆ. ಉಗುರುಬಣ್ಣ ಅಕ್ಕನದು, ಉಗುರು ನನ್ನದು. ಸಂಜೆಯ ನೆರಳಿನಲ್ಲಿ ಎಸೆಯುವವನಿಗೆ ಕ್ಯಾಚರನ ಬೆರಳ ಸನ್ನೆ ಕಾಣಬೇಕಲ್ಲ. ಹೌದು ಮಾವ, ಮೇ ತಿಂಗಳಿಂದ ನಾನು ಕಾರ್ಖಾನೆ ತಂಡದ ಕ್ಯಾಚರ್. ಮನೆಯಲ್ಲಿ ಯಾರನ್ನೂ ಕ್ಯಾಚರ್ ಆಗಲು ಬಿಡುವುದಿಲ್ಲ ಅಂತ ಅಮ್ಮ ನಿಮಗೆ ಮಾತು ಕೊಟ್ಟಿದ್ದಾಳಂತೆ. ಅಮ್ಮ ಬಿಟ್ಟಿಲ್ಲ, ನಾನೇ ಹೋದೆ. ಮಾತು ಸುರಕ್ಷಿತವಾಗಿದೆ.

ನನ್ನ ಖ್ಯಾತಿ ಕೈಯಿಂದಲ್ಲ, ಬಾಯಿಂದ. ಬ್ಯಾಟು ಹಿಡಿದು ನಿಂತವನ ಬೆನ್ನ ಹಿಂದೆ ಕೂತು ತಾಸುಗಟ್ಟಲೆ ಮಾತಾಡಬಹುದು, ಯಾರೂ ಎದ್ದು ಹೋಗುವ ಹಾಗಿಲ್ಲ! ಇಂಥ ಸಭಿಕರು ಯಾವ ಭಾಷಣಕಾರನಿಗೆ ಸಿಕ್ಕಾರು?

ಮೊಂತೆ ಕ್ಲಾರೊ ಕಾರ್ಖಾನೆಯ ಮೇಲೆ ಮೂರು ಪಂದ್ಯಗಳ ಫೈನಲ್ ನಡೆಯುತ್ತಿದೆ. ಇವತ್ತು ಮೊದಲನೆಯದು ಗೆದ್ದೆವು. ಎರಡನೆಯದು ಬರುವ ಭಾನುವಾರ, 22ಕ್ಕೆ. ಅವರ ಕಡೆ ಹೊಡೆಯುವವನು ಒಬ್ಬನೇ, ನನ್ನ ಗೆಳೆಯ ಸೆನೊನ್. ನಮ್ಮ ಅಡುಗೆಮನೆಯಲ್ಲೇ ಬಾಳೆಕಾಯಿ ತಿಂದು ಬೆಳೆದವನು. ಅವನನ್ನು ನಗಿಸುವುದು ಬಹಳ ಸುಲಭ, ನಗುವಾಗ ಕಣ್ಣು ಪೂರ್ತಿ ಮುಚ್ಚಿಬಿಡುತ್ತಾನೆ.

ನಮ್ಮ ತರಬೇತುದಾರರು ಅದನ್ನು ಇವತ್ತೇ ಗಮನಿಸಿದರು. ಪಂದ್ಯ ಮುಗಿದ ಮೇಲೆ ಕರೆದು, "ಆ ಹುಡುಗ ನಿನ್ನ ಮಾತಿಗೆ ಕಣ್ಣು ಮುಚ್ತಾನಲ್ಲಯ್ಯಾ. ನಿನ್ನ ಅತಿ ಒಳ್ಳೆ ಜೋಕನ್ನ ಮುಂದಿನ ಭಾನುವಾರಕ್ಕೆ ಎತ್ತಿಡು. ನಾನು ಕಿವಿ ಹಿಡ್ಕೊಂಡಾಗ ಹೇಳು" ಎಂದರು. ನನ್ನ ಪ್ರತಿಭೆಯನ್ನು ಗುರುತಿಸಿದ ಮೊದಲ ಮನುಷ್ಯ.

ಮರೆತಿದ್ದೆ, ಅವರು ನಿಮ್ಮನ್ನು ಬಲ್ಲರು! ಕಾರ್ತಹೇನಾದಲ್ಲಿ ನಿಮ್ಮ ಜೊತೆ ಚೆಂಡು ಎಸೆಯುತ್ತಿದ್ದರಂತೆ, ದೋನ್ ಲಿಬೋರಿಯೊ. ನಿಮಗೆ ನಮಸ್ಕಾರ ಹೇಳಿದ್ದಾರೆ. "ಹೆಬ್ಬೆರಳು ಹೇಗಿದೆ ಅಂತ ಕೇಳು" ಎಂದು ನಕ್ಕರು. ಬೆರಳು ಹೋದದ್ದು ಪಾಪ ಗೊತ್ತಿಲ್ಲ ಅನಿಸುತ್ತದೆ. ನಾನೂ ಹೇಳಲಿಲ್ಲ.

ದಾಮಾಸೊ


ಕೊನ್ಸ್ತಾನ್ಸಾ
ಆಗಸ್ಟ್ 19, 1976, ಗುರುವಾರ

ದಾಮಾಸೊ,

ನಿನ್ನ ಪತ್ರ ಈಗ ತಾನೇ ಬಂತು. ನಿಂತುಕೊಂಡೇ ಬರೆಯುತ್ತಿದ್ದೇನೆ. ಬಸ್ಸು ಎರಡು ಗಂಟೆಗೆ ಹೊರಡುತ್ತದೆ. ಪೂರ್ತಿ ಓದು. ಯಾರಿಗೂ ಗಟ್ಟಿಯಾಗಿ ಓದಿ ಹೇಳಬೇಡ.

ಅವನಿಗೆ ಗೊತ್ತಿದೆ. ಬೆರಳಿನ ವಿಷಯ ಲಿಬೋರಿಯೊಗೆ ನನ್ನಷ್ಟೇ ಚೆನ್ನಾಗಿ ಗೊತ್ತಿದೆ.

ಒಂದು ಬೆರಳು ತೋರಿಸಿದರೆ ನೇರ ಚೆಂಡು, ಎರಡು ತೋರಿಸಿದರೆ ತಿರುಗುವ ಚೆಂಡು. ಹೆಬ್ಬೆರಳನ್ನು ದಾಂಡಿಗನ ಕಡೆ ಮಾಡಿದರೆ ಏನೆಂದು ಇಷ್ಟರಲ್ಲಿ ನಿನಗೂ ಹೇಳಿಕೊಟ್ಟಿರುತ್ತಾರೆ: ಇವನಿಗೇ ಹೊಡೆ. ತರಬೇತುದಾರ ಸನ್ನೆ ಮಾಡುತ್ತಾನೆ, ಕ್ಯಾಚರ್ ದಾಟಿಸುತ್ತಾನೆ, ಎಸೆಯುವವನು ಎಸೆಯುತ್ತಾನೆ. ಮೂರು ಜನರ ಕೆಲಸ. ಆಮೇಲೆ ನೋಡಿದರೆ ಮಾಡಿದವರು ಒಬ್ಬರೂ ಇರುವುದಿಲ್ಲ.

ನನ್ನ ಇಪ್ಪತ್ತಮೂರನೆಯ ಪಂದ್ಯ. ಎದುರಿಗೆ ಎವಾರಿಸ್ತೊ ಎಂಬ ಕ್ಷೌರಿಕ. ವಾರದ ದಿನಗಳಲ್ಲಿ ನಮಗೆಲ್ಲ ಅವನೇ ಕೂದಲು ಕತ್ತರಿಸುತ್ತಿದ್ದ. ನನ್ನ ಮಾತು ಅವನಿಗೆ ಇಷ್ಟ. "ಮನ್ಸುಯೆತಾ, ನಿನ್ನ ತಲೆ ಕತ್ತರಿಸೋಕೆ ದುಡ್ಡು ಬೇಡ, ನೀನು ಬಾಯಿ ಬಿಟ್ಟರೆ ಸಾಕು" ಎನ್ನುತ್ತಿದ್ದ. ಅವತ್ತು ಬ್ಯಾಟು ಹಿಡಿದು ಬಂದು, "ಏನೋ, ಪಾದ್ರಿಯ ಕತ್ತೆ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆಯಲ್ಲ" ಎಂದ. ನಾನು ಮುಂದುವರಿಸಿದೆ. ಅಷ್ಟರಲ್ಲಿ ನಮ್ಮ ತರಬೇತುದಾರ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅದೇ ಸನ್ನೆ. ನಾನು ಹೆಬ್ಬೆರಳು ತೋರಿಸಿದೆ. ಮಾತು ನಿಲ್ಲಿಸಲಿಲ್ಲ, ಅಳಿಯಾ. ಪಕ್ಕೆಗೊಂದು ತಾಗುತ್ತದೆ, ಬೈಯುತ್ತಾನೆ, ನಾಳೆ ಕಿವಿಯ ಹತ್ತಿರ ಕತ್ತರಿ ಇಟ್ಟು ಹೆದರಿಸುತ್ತಾನೆ ಎಂದುಕೊಂಡೆ. ಬಾಯಿಯ ಅಭ್ಯಾಸ. ಕತ್ತೆ ಪೀಠ ಹತ್ತಿದ ಕಡೆ ಬಂದೆ. ಅವನು ನಗುತ್ತಾ ನನ್ನ ಕಡೆ ತಿರುಗಿದ.

ಚೆಂಡು ಬರುವುದು ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

ತಲೆಗೆ ಬಿತ್ತು. ಹನ್ನೊಂದು ದಿನ ಇದ್ದ, ಆಮೇಲೆ ಹೋದ. ತರಬೇತುದಾರ, "ನಾನು ಬೆವರು ಒರೆಸಿಕೊಂಡೆ ಅಷ್ಟೇ" ಎಂದ. ಎಸೆದವನು ಲಿಬೋರಿಯೊ. ಅವನು ಎಲ್ಲರೆದುರು, "ನಾನು ಕೇಳಿದ್ದನ್ನ ಎಸೆದೆ" ಎಂದ. ಆಮೇಲೆ ಒಬ್ಬನೇ ನನ್ನ ಹಾಸಿಗೆಯ ಹತ್ತಿರ ಬಂದು ಕೂತ. ನನ್ನ ಹೆಬ್ಬೆರಳನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. "ನಗಿಸಿ ತಿರುಗಿಸ್ದೆ ನೋಡು, ಎಂಥಾ ತಲೆ ಕಣೋ ನಿಂದು! ನಂಗೆ ಹೊಳೀತಾನೇ ಇರ್ಲಿಲ್ಲ" ಎಂದ. ಹೊಗಳಿದ, ದಾಮಾಸೊ. ಬೇಕೆಂದೇ ಮಾಡಿದೆ ಎಂದುಕೊಂಡಿದ್ದ. ನಾನು ಅಲ್ಲ ಎನ್ನಲು ಬಾಯಿ ತೆರೆದೆ. ಮಾತು ಬರಲಿಲ್ಲ. ಅಂದಿನಿಂದ ಯೋಚಿಸುತ್ತಿದ್ದೇನೆ. ಇಷ್ಟು ವರ್ಷವಾದರೂ ಉತ್ತರ ಗೊತ್ತಿಲ್ಲ.

ಅವನು ಆ ಉಪಾಯವನ್ನು ಮರೆತಿಲ್ಲ. ಸರಿಯಾದ ಬಾಯಿಗಾಗಿ ಕಾಯುತ್ತಿದ್ದ. ಸಿಕ್ಕಿದೆ.

ಬೆರಳಿನ ಪ್ರಶ್ನೆಗೆ ಉತ್ತರ. ಕಬ್ಬಿನ ಕತ್ತಿ ಎಂದದ್ದು ನಿಜ. ಕತ್ತಿ ನನ್ನದು. ಅದನ್ನು ಹಿಡಿದಿದ್ದ ಎಡಗೈಯೂ ನನ್ನದೇ.

ಭಾನುವಾರ ಆಡಬೇಡ. ಜ್ವರ ಎನ್ನು, ಅಜ್ಜಿ ಸತ್ತಳು ಎನ್ನು. ಅವಳು ಕ್ಷಮಿಸುತ್ತಾಳೆ.

ಕಾಲಿಸ್ತೊ


ತಂತಿ
ಆಗಸ್ಟ್ 20, 1976

ದಾಮಾಸೊ, ವರ್ಕ್‌ಶಾಪ್, ಸಾಂತಾ ಬ್ರಿಹಿದಾ. ಭಾನುವಾರ ಆಡಬೇಡ. ಆಡಿದರೆ ಬಾಯಿ ಮುಚ್ಚಿಕೊಂಡು ಆಡು. ಒಂದು ಮಾತೂ ಬೇಡ. ಪತ್ರ ಬರುತ್ತಿದೆ. ಮಾವ.


ಸಾಂತಾ ಬ್ರಿಹಿದಾ
ಆಗಸ್ಟ್ 21, 1976, ಶನಿವಾರ

ತಂತಿ ಚಕ್ರವರ್ತಿ ಕಾಲಿಸ್ತೊ ಮಾವನವರ ಪಾದಗಳಿಗೆ,

ಆಶೀರ್ವಾದ, ಮಾವ.

ಭೇಷ್! ನೀವು ತಕ್ಕದ್ದನ್ನು ಕೊಡುತ್ತೇನೆ ಎಂದಾಗ ನಂಬಿರಲಿಲ್ಲ. ತಂತಿಗೆ ತಂತಿ! ದಾಮಾಸೊನಿಗೆ ಬಾಯಿ ಮುಚ್ಚು ಎನ್ನುವುದು, ಅದೂ ಫೈನಲ್ ಹಿಂದಿನ ದಿನ! ಸಾಮಾನ್ಯರಿಗೆ ಹೊಳೆಯುವ ತಮಾಷೆಯಲ್ಲ ಇದು. ನಾಲಿಗೆ ಉದ್ದದ ಪತ್ರಿಕಾ ವರದಿ ಸತ್ಯ ಎಂದು ಆಯೋಗ ಈ ಮೂಲಕ ಘೋಷಿಸುತ್ತದೆ.

ತಂತಿಯನ್ನು ತಂಡದವರಿಗೆಲ್ಲ ಓದಿದೆ. ನಮ್ಮ ಎಸೆತಗಾರ ಪೆರಿಕೊ, "ಇವನು ಬಾಯಿ ಮುಚ್ಕೊಂಡು ಒಂದ್ ಆಟ ಮುಗಿಸಿದ್ರೆ ನಾನು ವಾರಪೂರ್ತಿ ಇವನ ಅಕ್ಕನ ಲಂಗ ಹಾಕ್ಕೊಂಡು ಕೆಲಸಕ್ಕೆ ಬರ್ತೀನಿ" ಎಂದ. ಎಲ್ಲರೂ ಸಾಕ್ಷಿ. ಮಾವ, ಪೆರಿಕೊನನ್ನು ಲಂಗದಲ್ಲಿ ನೋಡುವ ಭಾಗ್ಯಕ್ಕಾಗಿ ನಾನು ಸನ್ಯಾಸಿಯೂ ಆಗಬಲ್ಲೆ. ನಾಳೆ ಬಾಯಿಗೆ ಕರವಸ್ತ್ರ ಬಿಗಿದುಕೊಂಡು, ಅದರ ಮೇಲೆ ಮುಖದ ಜಾಲರಿ ಹಾಕಿಕೊಂಡು, ತಮ್ಮ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸಲಿದ್ದೇನೆ.

ದೋನ್ ಲಿಬೋರಿಯೊ ಒಬ್ಬರೇ ನಗಲಿಲ್ಲ. ತಂತಿಯನ್ನು ಇಸಿದುಕೊಂಡು ಓದಿ, ಮಡಿಸಿ, ತಮ್ಮ ಜೇಬಿಗೆ ಹಾಕಿಕೊಂಡರು. "ನಾನು ಕಿವಿ ಹಿಡ್ಕೊಂಡಾಗ ಮಾತ್ರ ಕರವಸ್ತ್ರ ಕೆಳಗಿಳಿಸು" ಎಂದರು. ನೋಡೋಣ. ಪೆರಿಕೊನ ಲಂಗವೋ, ಅವರ ಕಿವಿಯೋ.

ನೀವು ಹೇಳಿದ ಪತ್ರ ಇನ್ನೂ ಬಂದಿಲ್ಲ. ಅದರೊಳಗೆ ಏನಿಟ್ಟಿದ್ದೀರಿ, ಚೇಳೇ?

ದಾಮಾಸೊ


ಸಾಂತಾ ಬ್ರಿಹಿದಾ
ಆಗಸ್ಟ್ 24, 1976, ಮಂಗಳವಾರ

ಮಾವ,

ಆಶೀರ್ವಾದ.

ನಿಮ್ಮ ಪತ್ರ ನಿನ್ನೆ ಬೆಳಿಗ್ಗೆ ಸಿಕ್ಕಿತು. ಪಂದ್ಯ ಮೊನ್ನೆ.

ಮೊದಲು ಹೇಳಿಬಿಡುತ್ತೇನೆ, ಸೆನೊನ್ ಬದುಕಿದ್ದಾನೆ.

ಕೊನೆಯ ಒಂಬತ್ತನೆಯ ಸರದಿಯವರೆಗೆ ನಾನು ಒಂದು ಮಾತೂ ಆಡಲಿಲ್ಲ. ಕರವಸ್ತ್ರ ಬೆವರಿಗೆ ಒದ್ದೆಯಾಗಿ ಮೂಗಿಗೆ ಅಂಟಿತ್ತು. ಜನ ಕೂಗುತ್ತಿದ್ದರು, "ಏ ದಾಮಾಸೊ, ನಾಲಿಗೆ ಅಡ ಇಟ್ಯೇನೋ?" ಮೂರು ಮೂರು ಸಮ. ಅವರದೊಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದ. ಸೆನೊನ್ ಬಂದ. ಹೆಲ್ಮೆಟ್ ಸಡಿಲ ಎಂದು ಅವನು ಹಾಕುವುದಿಲ್ಲ, ಬರೀ ಟೋಪಿ. "ಏನಾಯ್ತೋ ನಿಂಗೆ? ಹಲ್ಲು ನೋವಾ?" ಎಂದ. ನಾನು ಗವಸು ಸರಿಮಾಡಿಕೊಂಡೆ. "ನೀನು ಸುಮ್ನಿದ್ರೆ ಭಯ ಆಗತ್ತಪ್ಪ" ಎಂದ.

ದೋನ್ ಲಿಬೋರಿಯೊ ಕಿವಿ ಹಿಡಿದುಕೊಂಡರು. ಆಮೇಲೆ ಹೆಬ್ಬೆರಳಿನಿಂದ ಗಲ್ಲ ಒರೆಸಿಕೊಂಡರು.

ನಾನು ಹೆಬ್ಬೆರಳು ತೋರಿಸಿದೆ, ಮಾವ. ತೋರಿಸಿದೆ. ಶಿಲುಬೆಯ ಗುರುತು ಮಾಡಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಯೋಚಿಸಲೂ ಇಲ್ಲ. ಎಡಗೈ ಗವಸಿನಲ್ಲಿ, ಬಲಗೈ ಕರವಸ್ತ್ರ ಇಳಿಸಲು ಜಾಲರಿಯ ಕೆಳಗೆ ಹೋಯಿತು. ಗಂಟು ಒದ್ದೆಯಾಗಿತ್ತು, ಬಿಚ್ಚಲಿಲ್ಲ. ಅಷ್ಟೇ. ಪೆರಿಕೊನ ಲಂಗಕ್ಕಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಬರೆಯಲು ಆಸೆ. ಸುಳ್ಳು. ಆ ಗಳಿಗೆಯಲ್ಲಿ ಜೋಕು ನಾಲಿಗೆಯ ಮೇಲಿತ್ತು. ಗಂಟು ಬಿಚ್ಚಲಿಲ್ಲ.

ಸೆನೊನ್ ತಿರುಗಲಿಲ್ಲ. ನನ್ನ ಮೌನಕ್ಕೆ ಹೆದರಿ ಪೆರಿಕೊನ ಕೈಯನ್ನೇ ನೋಡುತ್ತಿದ್ದ. ನೆಲಕ್ಕೆ ಬಿದ್ದ. ಟೋಪಿ ಹಾರಿತು. ಅವನ ಕಿವಿ ಇದ್ದ ಜಾಗದಲ್ಲಿ ಚೆಂಡು ಹಾದು ಹಿಂದಿನ ಬೇಲಿಗೆ ಬಡಿಯಿತು. ಮೂರನೆಯ ಬೇಸಿನವನು ಓಡಿಬಂದು ನಾಲ್ಕನೆಯ ರನ್ ಗಳಿಸಿದ, ನಾವು ಸೋತೆವು. ಈಗ ಒಂದು-ಒಂದು. ನಿರ್ಣಾಯಕ ಪಂದ್ಯ ಬರುವ ಭಾನುವಾರ.

ನಿಮ್ಮ ಪತ್ರ ಓದಿ ಲಿಬೋರಿಯೊ ಹತ್ತಿರ ಹೋದೆ. ಜಾಲರಿಯನ್ನು ಮೇಜಿನ ಮೇಲಿಟ್ಟು, ಆಡುವುದಿಲ್ಲ ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ನನ್ನ ಹೆಬ್ಬೆರಳನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ನೀವು ಬರೆದ ಹಾಗೆಯೇ. "ಕೂರೋಕೆ ಬೇರೆ ಕ್ಯಾಚರ್ ಇದ್ದಾನೆ. ಪೆರಿಕೊ ಎಸೀತಾನೆ. ಸೆನೊನ್‌ನ ನಗ್ಸೋಕೆ ನೀನು ಹಿಂದೆ ಬೇಲಿ ಹತ್ರ ನಿಂತ್ರೂ ಸಾಕಪ್ಪ. ನಿನ್ನ ಮುಖ ಕಂಡ್ರೇ ನಗ್ತಾನೆ ಅವ್ನು" ಎಂದ.

ಪೆರಿಕೊನಿಗೆ ಹೇಳಿದೆ. "ಲಂಗ ತಪ್ಪಿಸ್ಕೊಳ್ಳಕ್ಕೆ ನಾನು ಕಥೆ ಕಟ್ಬೇಕಾಗಿತ್ತು, ನೀನ್ ಕಟ್ತಿದ್ದೀಯಲ್ಲೋ" ಎಂದ. ಮೊಂತೆ ಕ್ಲಾರೊಗೆ ನಡೆದುಹೋಗಿ ಸೆನೊನ್‌ಗೆ ಎಲ್ಲ ಹೇಳಿದೆ. ಕ್ಷೌರಿಕನ ಕಥೆ, ಹನ್ನೊಂದು ದಿನ, ನನ್ನ ಹೆಬ್ಬೆರಳು, ಎಲ್ಲ. ಹೇಳುವಾಗ ಅತ್ತುಬಿಟ್ಟೆ, ಮಾವ. ನಾನು ಅಳುವುದನ್ನು ಅವನು ಯಾವತ್ತೂ ನೋಡಿಲ್ಲ.

ಅವನು ನಕ್ಕ. ತೊಡೆ ತಟ್ಟಿಕೊಂಡು ನಕ್ಕ. "ಕಣ್ಣೀರು ಬೇರೆ! ಈರುಳ್ಳಿ ಇಟ್ಕೊಂಡಿದ್ಯಾ ಜೇಬಲ್ಲಿ? ಭಾನುವಾರ ನನ್ನ ಹೆದ್ರಿಸಿ ಗೆಲ್ಲೋ ಪ್ಲಾನು, ಅಲ್ವಾ?" ಎಂದ. ನಿಮ್ಮ ಪತ್ರ ತೋರಿಸಿದೆ. "ಇದು ನಿನ್ನದೇ ಅಕ್ಷರ" ಎಂದ. ಆ ಗೌರವ ಸಮಿತಿಯ ತಂತಿ ಬರೆದಾಗ ಪಕ್ಕದಲ್ಲಿ ಕೂತು ನಕ್ಕವನು ಅವನೇ.

ಇಡೀ ಹೊತ್ತು ಅವನ ಕಣ್ಣು ಮುಚ್ಚಿತ್ತು.

ಇಲ್ಲಿ ನನ್ನ ಮಾತನ್ನು ನಂಬುವವರು ಒಬ್ಬರೂ ಇಲ್ಲ. ನಾನೇ ಹಾಗೆ ಮಾಡಿಟ್ಟಿದ್ದೇನೆ. ನೀವು ತಮಾಷೆ ಮಾಡಿದ್ದನ್ನು ಈ ಊರಿನಲ್ಲಿ ಯಾರೂ ನೋಡಿಲ್ಲ. ನೀವು ಬಂದು ಹೇಳಿದರೆ ಅವನು ನಂಬುತ್ತಾನೆ. ನೀವು ಆಟದ ಮೈದಾನದ ಹತ್ತಿರ ಸುಳಿಯುವುದಿಲ್ಲ ಎಂದು ಗೊತ್ತು. ಲಿಬೋರಿಯೊ ಮುಖ ನೋಡಬೇಕಾಗುತ್ತದೆ ಎಂದೂ ಗೊತ್ತು. ಆದರೂ ಕೇಳುತ್ತಿದ್ದೇನೆ.

ಈ ಪತ್ರವನ್ನು ನಿಮ್ಮ ಕೈಗೇ ಮುಟ್ಟಿಸಬೇಕು, ಜೀವದ ಪ್ರಶ್ನೆ ಎಂದು ಚೀಚೊಗೆ ಹೇಳಿದೆ. ಅವನೂ ನಕ್ಕ.

ದಾಮಾಸೊ


ತಂತಿ
ಆಗಸ್ಟ್ 27, 1976

ದಾಮಾಸೊ, ವರ್ಕ್‌ಶಾಪ್, ಸಾಂತಾ ಬ್ರಿಹಿದಾ. ನಾಳೆಯ ಬಸ್ಸಿಗೆ ಬರುತ್ತೇನೆ. ಸೂಟು ಹಾಕಿಕೊಂಡು. ಸೆನೊನ್‌ನನ್ನು ನಿಲ್ದಾಣಕ್ಕೆ ಕರೆದುಕೊಂಡು ಬಾ. ಪದಕ ಬಂದಿದೆ ಎಂದು ಹೇಳು, ನಗುತ್ತಾ ಬರಲಿ. ಲಿಬೋರಿಯೊಗೆ ತಿಳಿಯುವುದು ಬೇಡ. ಬಲಗೈ ಜೇಬಿನಲ್ಲಿ ಇರುವುದಿಲ್ಲ. ದೇವರು ನಿನಗೆ ಒಳ್ಳೆಯದು ಮಾಡಲಿ. ಮಾವ.